ಮಿಂಚಿನ ಚದುರಂಗ

“ರಾಣಿಯುಳ್ಳವಳು ಸೋತಳು, ಒಂದೇ ಕಾಲಾಳುಳ್ಳವಳು ಗೆದ್ದಳು, ಇದು ಯಾವ ನ್ಯಾಯ, ನೀವೇ ಹೇಳಿರಿ” ಎಂದು ಒಬ್ಬ ತಾಯಿಯವರು ಕಣ್ಣೀರು ತುಂಬಿಕೊಂಡು ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು. ಅಂದು ನಮ್ಮಿಂದ ಸರಿಯಾದ ಉತ್ತರ ಬರಲಿಲ್ಲ. ಆ ಗದ್ದಲದಲ್ಲಿ ಹೇಳುವದಕ್ಕೆ ಅವಕಾಶವೂ ಇರಲಿಲ್ಲ. ಈ ಸಂಚಿಕೆಯನ್ನು ಓದುವವರಲ್ಲಿ ಹೆಣ್ಣುಮಕ್ಕಳ ತಾಯಿತಂದೆಗಳು ಬಹುಮಂದಿ ಇರುವದರಿಂದಲೂ, ಚದುರಂಗದ ಹಲಗೆಯು ಈಗ ಅನೇಕ ಶಾಲೆಗಳೊಳಗೆ ಬಂದಿರುವದರಿಂದಲೂ ಆ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತೇವೆ.

ಸ್ಥಳವು ಒಂದು ಕಲ್ಯಾಣಮಂಟಪ. ಮದುವೆಯ ಊಟಕ್ಕೆ ಹಾಕುವ ಉದ್ದವಾದ ಮೇಜುಗಳನ್ನು ಸಾಲಾಗಿ ಜೋಡಿಸಿ, ಬಿಳಿಯ ಬಟ್ಟೆ ಹೊದಿಸಿ, ಒಂದೊಂದು ಮೇಜಿನ ಮೇಲೆ ನಾಲ್ಕು ನಾಲ್ಕು ಹಲಗೆಗಳನ್ನು ಇಟ್ಟಿದ್ದರು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಪಂದ್ಯಾವಳಿ. ನಾವು ನಮ್ಮ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಹಿರಿಯರೆಲ್ಲರೂ ಕಟ್ಟಿದ ಹಗ್ಗದ ಈಚೆ ನಿಂತು ನೋಡಬಹುದು, ಬಾಯಿ ಬಿಡಕೂಡದು. ನಮ್ಮ ಮಗು ಬೇಗನೆ ಸೋತು ಹೊರಗೆ ಬಂದು ಕಿತ್ತಳೆ ಹಣ್ಣು ತಿನ್ನುತ್ತಾ ಕುಳಿತದ್ದರಿಂದ ಹಗ್ಗಕ್ಕೆ ಸಮೀಪವಾಗಿದ್ದ ಮತ್ತೊಂದು ಹಲಗೆಯ ಆಟವನ್ನು ಮೊದಲಿಂದ ಕಡೆಯ ವರೆಗೆ ನೋಡುವ ಸಂದರ್ಭ ನಮಗೆ ದೊರೆಯಿತು. ಬಿಳಿಯ ಕಾಯಿಗಳ ಕಡೆ ಎರಡು ಜಡೆಯ ಒಬ್ಬ ಬಾಲಿಕೆ. ಕಪ್ಪಿನ ಕಡೆ ಕನ್ನಡಕ ಹಾಕಿದ ಒಬ್ಬ ಬಾಲಿಕೆ. ಇಬ್ಬರಿಗೂ ಹನ್ನೆರಡರ ಸುಮಾರು ವಯಸ್ಸು. ಕನ್ನಡಕದವಳ ತಾಯಿಯವರೇ ನಮ್ಮ ಪಕ್ಕದಲ್ಲಿ ನಿಂತಿದ್ದವರು.

ಮೊದಲು ಆಟದ ಹೆಸರನ್ನು ಹೇಳಬೇಕು. ಇದಕ್ಕೆ ಬ್ಲಿಟ್ಸ್ ಎನ್ನುತ್ತಾರೆ. ಅದು ಜರ್ಮನ್ ಮಾತು, ಮಿಂಚು ಎಂದರ್ಥ. ನಮ್ಮ ಹಿರಿಯರು ಜಗಲಿಯ ಮೇಲೆ ಮಧ್ಯಾಹ್ನದ ಊಟವಾದ ಬಳಿಕ ಕುಳಿತರೆ ದೀಪ ಹಚ್ಚುವ ಹೊತ್ತಿನ ವರೆಗೂ ಒಂದೇ ಆಟವನ್ನು ಆಡುತ್ತಿದ್ದದ್ದುಂಟು. ಮಿಂಚಿನ ಆಟದಲ್ಲಿ ಹಲಗೆಯೂ ಕಾಯಿಗಳೂ ನಡೆಗಳೂ ಎಂದಿನವೇ; ಆದರೆ ಒಬ್ಬೊಬ್ಬರಿಗೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಿರುತ್ತದೆ. 1924ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಫಿಡೆ ಎಂಬ ಲೋಕಸಂಸ್ಥೆಯ ನಿಯಮದ ಮೇರೆಗೆ ಒಬ್ಬ ಆಟಗಾರನ ಪಾಲಿಗೆ ಒಟ್ಟು ಕಾಲವು 10 ನಿಮಿಷ ಅಥವಾ ಅದಕ್ಕೂ ಕಡಿಮೆಯಾಗಿದ್ದರೆ ಅದು ಬ್ಲಿಟ್ಸ್. ನಾವು ನೋಡಿದ ಪಂದ್ಯದಲ್ಲಿ ಒಬ್ಬೊಬ್ಬಳಿಗೆ 5 ನಿಮಿಷ. ಐದು ನಿಮಿಷವೆಂದರೆ 300 ಸೆಕೆಂಡು. ಅರವತ್ತು ನಡೆಗಳ ಆಟವಾದರೆ ನಡೆಯೊಂದಕ್ಕೆ ಐದು ಸೆಕೆಂಡು. ಸೂಜಿಗೆ ದಾರ ಪೋಣಿಸುವದಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಹಲಗೆಯ ಪಕ್ಕದಲ್ಲಿ ಎರಡು ಮುಖಗಳುಳ್ಳ ಒಂದು ಗಡಿಯಾರ. ತನ್ನ ನಡೆ ನಡೆಸಿದ ಕೂಡಲೆ ಆಟಗಾತಿ ತನ್ನ ಕಡೆಯ ಗುಂಡಿಯನ್ನು ಒತ್ತುತ್ತಾಳೆ. ಅವಳ ಮುಳ್ಳು ನಿಲ್ಲುತ್ತದೆ, ಎದುರಾಳಿಯ ಮುಳ್ಳು ಓಡತೊಡಗುತ್ತದೆ. ಕಾಯಿಯನ್ನು ಯಾವ ಕೈಯಿಂದ ನಡೆಸಿದಳೋ ಅದೇ ಕೈಯಿಂದ ಗುಂಡಿಯನ್ನು ಒತ್ತಬೇಕು. ಎಡಗೈಯನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು ಬಲಗೈಯಿಂದ ಆಡುವ ಜಾಣತನಕ್ಕೆ ಅವಕಾಶವಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ತಪ್ಪು ನಡೆಯನ್ನು ನಡೆಸಿ ಗುಂಡಿ ಒತ್ತಿಬಿಟ್ಟರೆ ಎದುರಾಳಿಗೆ ಒಂದು ನಿಮಿಷ ಹೆಚ್ಚಿಗೆ ಸಿಕ್ಕುತ್ತದೆ. ಎರಡನೆಯ ಸಾರಿ ಹಾಗೆ ಮಾಡಿದರೆ ಆಟವೇ ಹೋಗುತ್ತದೆ. ದೊಡ್ಡ ಆಟದಲ್ಲಿ ನಡೆಗಳನ್ನು ಕಾಗದದ ಮೇಲೆ ಬರೆಯಬೇಕು. ಇಲ್ಲಿ ಬರೆಯುವ ಕೆಲಸವಿಲ್ಲ. ಐವತ್ತು ಅರವತ್ತು ಹಲಗೆಗಳಿಗೆ ಮೂರೋ ನಾಲ್ಕೋ ಮಂದಿ ತೀರ್ಪುಗಾರರು ಇದ್ದಾರೆ. ಎಲ್ಲವನ್ನೂ ನೋಡುವದು ಅವರಿಂದಾಗದು. ಬಹಳ ಮಟ್ಟಿಗೆ ಎದುರುಬದುರು ಕುಳಿತ ಇಬ್ಬರು ಮಕ್ಕಳೇ ಒಬ್ಬರಿಗೊಬ್ಬರು ಸಾಕ್ಷಿ.

ಈಗ ಆಟಕ್ಕೆ ಬರೋಣ. ಬಿಳಿಯವಳು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು, ಕಪ್ಪಿನವಳೂ ಹಾಗೆಯೇ ಮಾಡಿದಳು. ಬಿಳಿಯವಳು ರಾಜನ ಕಡೆಯ ಕುದುರೆಯನ್ನು ಹೊರಡಿಸಿ ಆ ಕಾಲಾಳಿಗೆ ಗುರಿ ಇಟ್ಟಳು. ಕಪ್ಪಿನವಳು ರಾಣಿಯ ಮುಂದಿನ ಕಾಲಾಳನ್ನು ಒಂದು ಮನೆ ಮುಂದೆ ತಂದು ಅದಕ್ಕೆ ಆಸರೆ ಕೊಟ್ಟಳು. ಬಿಳಿಯ ಒಂಟೆ ಹೊರಟು ಕಪ್ಪು ರಾಜನ ಪಕ್ಕದ ಬಲಹೀನವಾದ ಮನೆಯ ಕಡೆಗೆ ದೃಷ್ಟಿ ಇಟ್ಟಿತು. ಕಪ್ಪು ಒಂಟೆ ಎದುರಿಗೆ ಬಂದು ಬಿಳಿಯ ಕುದುರೆಯನ್ನು ತಡೆಯಿತು. ಆ ಕುದುರೆ ಕದಲಿದರೆ ಅದರ ಹಿಂದಿರುವ ಬಿಳಿಯ ರಾಣಿ ಸಿಕ್ಕಿಬೀಳುತ್ತಾಳೆ. ಬಿಳಿಯವಳು ಎರಡನೆಯ ಕುದುರೆಯನ್ನು ತಂದಳು. ಇಷ್ಟೆಲ್ಲಾ ಆಗುವದಕ್ಕೆ ಹತ್ತು ಸೆಕೆಂಡು ಸಹ ಹಿಡಿಯಲಿಲ್ಲ. ಕಪ್ಪಿನವಳು ರಾಣಿಯ ಕಡೆಯ ಕುದುರೆಯನ್ನು ಹೊರಡಿಸಿದಳು.

ಆಗ ಎರಡು ಜಡೆಯ ಬಾಲಿಕೆಯ ಮುಖದಲ್ಲಿ ಒಂದು ಕಾಂತಿ ಕಂಡಿತು. ಅವಳು ಥಟ್ಟನೆ ತನ್ನ ಮೊದಲನೆಯ ಕುದುರೆಯನ್ನೆತ್ತಿ ನಡುವಿನ ಕಪ್ಪು ಕಾಲಾಳನ್ನು ಹೊಡೆದು ಗುಂಡಿ ಒತ್ತಿದಳು. ರಾಣಿ ಬಯಲಾದಳು!

ಇದು ಹುಚ್ಚುತನವಲ್ಲ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಲೆಗಾಲ್ ಎಂಬ ಪ್ರಸಿದ್ಧ ಆಟಗಾರರಿದ್ದರು. ಫಿಲಿದೋರನಿಗೆ ಚದುರಂಗವನ್ನು ಕಲಿಸಿದವರು ಇವರೇ. ಅವರ ಹೆಸರಿನಿಂದ ಒಂದು ಬಲೆ ಪ್ರಸಿದ್ಧವಾಗಿದೆ. ಕಪ್ಪಿನವನು ತನ್ನ ಕುದುರೆಯನ್ನು ತರುವದರ ಬದಲಾಗಿ ರಾಜನ ಬದಿಯಲ್ಲಿ ಒಂದು ಕಾಲಾಳನ್ನು ಸುಮ್ಮನೆ ನಡೆಸಿದ್ದರೆ, ಬಿಳಿಯವನು ಇದೇ ರೀತಿಯಾಗಿ ಕುದುರೆಯಿಂದ ನಡುವಿನ ಕಾಲಾಳನ್ನು ಹೊಡೆಯುತ್ತಾನೆ, ಕಪ್ಪಿನವನು ದುರಾಶೆಯಿಂದ ರಾಣಿಯನ್ನು ತಿಂದರೆ ಬಿಳಿಯ ಒಂಟೆ ಶಹ ಕೊಡುತ್ತದೆ, ಕಪ್ಪು ರಾಜನು ಒಂದು ಮನೆ ಮುಂದೆ ಬರುತ್ತಾನೆ, ಎರಡನೆಯ ಕುದುರೆ ಬಂದು ಮತ್ತೆ ಶಹ ಕೊಡುತ್ತದೆ, ಅಲ್ಲಿಗೆ ಮಾತ್. ರಾಣಿಯಿಲ್ಲದೆಯೇ ಎರಡು ಕುದುರೆಗಳೂ ಒಂದು ಒಂಟೆಯೂ ಕೂಡಿ ರಾಜನನ್ನು ಕಟ್ಟಿಹಾಕುವ ಈ ಸೊಗಸನ್ನು ಒಮ್ಮೆ ಕಲಿತ ಮಗುವು ಮರೆಯುವದಿಲ್ಲ. ಎರಡು ಜಡೆಯವಳೂ ಕಲಿತಿದ್ದಳೆಂಬದರಲ್ಲಿ ಸಂದೇಹವಿಲ್ಲ.

ಆದರೆ ಕಪ್ಪು ಕುದುರೆ ಹೊರಗೆ ಬಂದಿತ್ತಲ್ಲವೇ? ಆ ಒಂದು ಕುದುರೆಯಿಂದ ಎಲ್ಲವೂ ಬದಲಾಯಿತು. ಕನ್ನಡಕದವಳು ಬಯಲಾಗಿದ್ದ ರಾಣಿಯ ಕಡೆಗೆ ಕೈ ನೀಡಿದಳು. ಅವಳ ತಾಯಿಯವರು ನಮ್ಮ ಪಕ್ಕದಲ್ಲಿ ಉಸಿರು ಬಿಗಿಹಿಡಿದರು. ಕೈ ಕಾಯಿಯ ಮೇಲೆ ನಿಂತಿತು, ಮುಟ್ಟಲಿಲ್ಲ. ಗಡಿಯಾರ ಓಡುತ್ತಿತ್ತು. ಹದಿನೈದು ಸೆಕೆಂಡು ಕಳೆದಿರಬೇಕು, ಮಿಂಚಿನ ಆಟದಲ್ಲಿ ಅದೊಂದು ಯುಗ. ಬಳಿಕ ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡು ತನ್ನ ಕುದುರೆಯಿಂದ ಬಿಳಿಯ ಕುದುರೆಯನ್ನು ಹೊಡೆದಳು. ಹೀಗೆ ಹೊಡೆದ ಕುದುರೆಯೇ ಈಗ ಅವಳ ಒಂಟೆಗೆ ಕಾವಲಾಯಿತು; ಬಿಳಿಯ ರಾಣಿ ಆ ಒಂಟೆಯನ್ನು ಹೊಡೆದರೆ ತಾನೂ ಸಾಯಬೇಕು. ಬಲೆ ಹರಿದುಹೋಯಿತು. ಬಿಳಿಯವಳಿಗೆ ಒಂದು ಕಾಲಾಳಿನ ಬದಲಾಗಿ ಒಂದು ಕುದುರೆ ನಷ್ಟವಾಯಿತು.

ಇಲ್ಲಿ ಸ್ವಲ್ಪ ನಿಂತು ವಿಚಾರಿಸಬೇಕಾದ ಸಂಗತಿ ಉಂಟು. ಮಿಂಚಿನ ಆಟವಾಡುವವರು ಅತಿ ವೇಗವಾಗಿ ಯೋಚಿಸುತ್ತಾರೆಂದು ಜನರು ತಿಳಿದಿದ್ದಾರೆ. ವಸ್ತುತಃ ಅವರು ಹೆಚ್ಚಾಗಿ ಗುರುತು ಹಿಡಿಯುತ್ತಾರೆ. ಹಾಲೆಂಡಿನ ಆದ್ರಿಯಾನ್ ದ ಗ್ರೂಟ್ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಚದುರಂಗದ ಆಟಗಾರರ ಯೋಚನೆಯ ಕುರಿತು ಒಂದು ದೊಡ್ಡ ಪ್ರಬಂಧವನ್ನು ಪ್ರಕಟಿಸಿದರು. ನಿಪುಣರು ಇತರರಿಗಿಂತ ಬಹಳ ಮುಂದಿನ ವರೆಗೆ ಲೆಕ್ಕ ಹಾಕುವವರಲ್ಲ, ನೋಡಿದ ಕೂಡಲೆ ಸಾರವನ್ನು ಕಾಣುವವರು ಎಂಬದು ಅದರಿಂದ ತಿಳಿದುಬಂತು. 1973ರಲ್ಲಿ ಅಮೇರಿಕದ ಚೇಸ್ ಮತ್ತು ಸೈಮನ್ ಎಂಬವರು ಇನ್ನೊಂದು ಪರೀಕ್ಷೆ ಮಾಡಿದರು. ನಿಜವಾದ ಆಟದ ಒಂದು ಸ್ಥಿತಿಯನ್ನು ಐದೇ ಸೆಕೆಂಡು ತೋರಿಸಿ ಮುಚ್ಚಿದರೆ ನಿಪುಣನು ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಡಬಲ್ಲನು, ಹೊಸಬನಿಗೆ ಕೆಲವೇ ಕಾಯಿಗಳು ನೆನಪಿರುವವು. ಆದರೆ ಅವೇ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದರೆ ನಿಪುಣನೂ ಹೊಸಬನೂ ಸರಿಸುಮಾರಾಗಿ ಒಂದೇ. ನಾವು ಓದುವಾಗ ಅಕ್ಷರಗಳನ್ನು ಕೂಡಿಸುತ್ತೇವೆಯೇ? ಪದವನ್ನೇ ಕಾಣುತ್ತೇವೆ. ಒಲೆಯ ಮುಂದೆ ನಿಂತವಳು ಸಾಸಿವೆ ಸಿಡಿಯುವ ಸದ್ದಿನಿಂದಲೇ ಒಗ್ಗರಣೆಯ ಹದವನ್ನು ತಿಳಿಯುತ್ತಾಳೆ. ಆ ಒಂದು ಕ್ಷಣದ ಹಿಂದೆ ಎಷ್ಟೋ ವರ್ಷಗಳ ಅಡಿಗೆಮನೆ ಇದೆ. ಮಿಂಚಿನ ಆಟದ ವೇಗವೂ ಹೀಗೆಯೇ ನಿಧಾನವಾಗಿ ಕೂಡಿಸಿಟ್ಟ ವೇಗ.

ಗುರುತು ಹಿಡಿಯುವದರಲ್ಲಿ ಅಪಾಯವೂ ಇದೆ. ಎರಡು ಜಡೆಯವಳು ಬಲೆಯನ್ನು ಗುರುತಿಸಿದಳು, ಕುದುರೆಯನ್ನು ಗುರುತಿಸಲಿಲ್ಲ. ಬೀದಿಯಲ್ಲಿ ಹಿಂದಿನಿಂದ ಸೀರೆ ನೋಡಿ ಪರಿಚಿತಳೆಂದು ಹೆಗಲು ತಟ್ಟಿದ ಹಾಗಾಯಿತು. ಕನ್ನಡಕದವಳಾದರೋ ನಂಬದೆ ಒಮ್ಮೆ ನೋಡಿದಳು. ಈ ಒಂದು ನೋಟವನ್ನು ನೋಡುವದಕ್ಕಾಗಿಯೇ ಅಷ್ಟು ಹೊತ್ತು ನಿಂತದ್ದು ಸಾರ್ಥಕವೆಂದು ನಮಗೆ ತೋರಿತು.

ಆದರೆ ನೋಡುವದಕ್ಕೆ ಬೆಲೆ ಕೊಡಬೇಕಾಯಿತು. ಒಂದು ಸಾರಿ ಬಲೆಯನ್ನು ಕಂಡು ಬೆದರಿದ ಹುಡುಗಿ ಆ ಬಳಿಕ ಪ್ರತಿಯೊಂದು ನಡೆಯಲ್ಲಿಯೂ ಬಲೆಯನ್ನು ಹುಡುಕಿದಳು. ಎರಡು ಜಡೆಯವಳು ಕುದುರೆಯನ್ನು ಕಳಕೊಂಡರೂ ಅಳಲಿಲ್ಲ, ತಲೆ ತಗ್ಗಿಸಲಿಲ್ಲ, ಚಟಚಟನೆ ಆಡಿದಳು. ಕಪ್ಪಿನ ಬಲವು ಹೆಚ್ಚುತ್ತಾ ಹೋಯಿತು, ಅದರೊಂದಿಗೆ ಕಪ್ಪಿನ ಹೊತ್ತು ತೀರುತ್ತಾ ಬಂತು. ಕಡೆಗೆ ಹಲಗೆಯ ಮೇಲೆ ಕಪ್ಪು ರಾಜನೂ ರಾಣಿಯೂ, ಬಿಳಿಯ ರಾಜನೂ ಒಂದೇ ಕಾಲಾಳೂ ಉಳಿದರು. ಅಲ್ಲಿದ್ದದ್ದು ಹಳೆಯ ಮಾದರಿಯ ಮುಳ್ಳಿನ ಗಡಿಯಾರ. ಅದರಲ್ಲಿ ಹನ್ನೆರಡರ ಹತ್ತಿರ ಒಂದು ಸಣ್ಣ ಕೆಂಪು ಪತಾಕೆ ಇರುತ್ತದೆ. ದೊಡ್ಡ ಮುಳ್ಳು ಸಮೀಪಿಸಿದಂತೆ ಅದನ್ನು ಮೇಲಕ್ಕೆತ್ತುತ್ತಾ ಹೋಗಿ, ಹೊತ್ತು ಮುಗಿದ ಕ್ಷಣದಲ್ಲಿ ಕೆಳಗೆ ಬಿಡುತ್ತದೆ. ಕಪ್ಪಿನವಳ ಪತಾಕೆ ಅಡ್ಡಲಾಗಿ ನಿಂತಿತ್ತು. ಅವಳು ಆ ಕಾಲಾಳನ್ನು ಹೊಡೆಯದೆ ರಾಜನನ್ನು ಮೂಲೆಗೆ ಅಟ್ಟುವ ಆಶೆಯಿಂದ ಶಹದ ಮೇಲೆ ಶಹ ಕೊಟ್ಟಳು. ನಾಲ್ಕನೆಯ ಶಹಕ್ಕೆ ಕೈ ಎತ್ತಿದಾಗ ಪತಾಕೆ ಬಿದ್ದಿತು. ಎರಡು ಜಡೆಯವಳು ಗಡಿಯಾರವನ್ನು ನಿಲ್ಲಿಸಿ ಮೆಲ್ಲಗೆ, “ಸರ್, ಪತಾಕೆ ಬಿತ್ತು” ಎಂದಳು.

ತಾಯಿಯವರು ಹಗ್ಗವನ್ನು ದಾಟಿಯೇಬಿಟ್ಟರು. ತೀರ್ಪುಗಾರರು ವೃದ್ಧರು, ತಾಳ್ಮೆಯುಳ್ಳವರು. “ಅಮ್ಮಾ, ಹೊತ್ತು ಮುಗಿದವರಿಗೆ ಸೋಲು. ಎದುರಾಳಿಯ ಹತ್ತಿರ ಬರಿಯ ರಾಜನೊಬ್ಬನೇ ಇದ್ದಿದ್ದರೆ ಸಮ ಎಂದು ಕೊಡುತ್ತಿದ್ದೆ. ಕಾಲಾಳು ಇದೆಯಲ್ಲ” ಎಂದಿಷ್ಟೇ ಹೇಳಿ ಮುಂದಿನ ಮೇಜಿಗೆ ಹೋದರು. ತಾಯಿಯವರಿಗೆ ಅದು ಉತ್ತರವಾಗಲಿಲ್ಲ. ನಮ್ಮ ಕಡೆಗೆ ತಿರುಗಿದರು. ಇನ್ನು ಮೇಲೆ ಮಗಳನ್ನು ಈ ಆಟಕ್ಕೆ ಕರಕೊಂಡು ಬರುವದೇ ಇಲ್ಲವೆಂದೂ ಹೇಳಿದರು.

ತೀರ್ಪುಗಾರರ ಮಾತಿನ ಅರ್ಥವೇನೆಂದರೆ: ಬರಿಯ ರಾಜನು ಎಂದೆಂದಿಗೂ ಯಾರಿಗೂ ಮಾತ್ ಕೊಡಲಾರನು. ಆದಕಾರಣ ಅಂಥವನ ಎದುರಾಳಿಯ ಹೊತ್ತು ಮುಗಿದರೂ ಅವನಿಗೆ ಗೆಲುವಿಲ್ಲ, ಆಟವು ಸಮ. ಆದರೆ ಕಾಲಾಳು ಕಡೆಯ ಸಾಲನ್ನು ಮುಟ್ಟಿದರೆ ರಾಣಿಯಾಗಬಲ್ಲದು. ರಾಣಿಯಾದರೆ ಮಾತ್ ಕೊಡಬಲ್ಲದು. ಅದು ಸಂಭವನೀಯವೇ ಎಂದು ನಿಯಮವು ಕೇಳುವದಿಲ್ಲ, ಸಾಧ್ಯವೇ ಎಂದು ಮಾತ್ರ ಕೇಳುತ್ತದೆ. ಕನ್ನಡಕದವಳು ಒಂದು ಶಹವನ್ನು ಬಿಟ್ಟು ಆ ಕಾಲಾಳನ್ನು ಹೊಡೆದಿದ್ದರೆ ಅವಳಿಗೆ ಅರ್ಧ ಅಂಕವು ಖಂಡಿತವಾಗಿ ಉಳಿಯುತ್ತಿತ್ತು. ತಾಯಿಯವರು ಹಲಗೆಯ ಮೇಲಣ ರಾಣಿಯನ್ನು ಎಣಿಸಿದರು, ಗಡಿಯಾರದ ಮೇಲಣ ಸೆಕೆಂಡುಗಳನ್ನು ಎಣಿಸಲಿಲ್ಲ. ಈ ಆಟದಲ್ಲಿ ಹೊತ್ತೂ ಒಂದು ಕಾಯಿಯೇ. ಕುದುರೆಯನ್ನು ಕಳಕೊಂಡ ಹುಡುಗಿ ಹೊತ್ತನ್ನು ಕಾದುಕೊಂಡಿದ್ದಳು. ಕುದುರೆಯನ್ನು ಗೆದ್ದವಳು ಹೊತ್ತನ್ನು ವೆಚ್ಚಮಾಡಿದ್ದಳು. ಅನ್ಯಾಯವೆಂಬದು ಇಲ್ಲಿ ನಡೆಯಲಿಲ್ಲ.

ಚದುರಂಗಕ್ಕೆ ಗಡಿಯಾರವೇಕೆ ಬೇಕಾಯಿತೆಂದು ಕೆಲವರು ಕೇಳುವರು. 1851ರಲ್ಲಿ ಲಂಡನಿನಲ್ಲಿ ನಡೆದ ಮೊದಲನೆಯ ಅಂತರ್ದೇಶೀಯ ಪಂದ್ಯಾವಳಿಯಲ್ಲಿ ಗಡಿಯಾರವಿರಲಿಲ್ಲ. ಒಬ್ಬೊಬ್ಬರು ಒಂದು ನಡೆಗಾಗಿ ಬಹಳ ಹೊತ್ತು ಕುಳಿತುಬಿಟ್ಟರು. ವಿಲಿಯಮ್ಸ್ ಎಂಬವರ ನಿಧಾನದ ವಿಷಯವಾಗಿ ಸ್ಟಾಂಟನರು ಬಹಳವಾಗಿ ದೂರಿದರು. 1861ರಲ್ಲಿ ಆಂಡರ್ಸನ್ ಮತ್ತು ಕೋಲಿಷ್ ಆಡಿದಾಗ ಮರಳಿನ ಗಡಿಯಾರಗಳನ್ನು ಇಟ್ಟು 24 ನಡೆಗಳಿಗೆ ಎರಡು ಗಂಟೆ ಎಂದು ಗೊತ್ತುಮಾಡಿದರು. 1883ರ ಲಂಡನ್ ಪಂದ್ಯದಲ್ಲಿ ಒಂದು ನಿಂತರೆ ಇನ್ನೊಂದು ಓಡುವ ಜೋಡಿ ಗಡಿಯಾರಗಳು ಬಂದವು. ಅದನ್ನು ಕಲ್ಪಿಸಿದವರು ಮ್ಯಾಂಚೆಸ್ಟರಿನ ವಿಲ್ಸನ್. ಹೀಗೆ ಸೋಮಾರಿತನವನ್ನು ತಡೆಯುವದಕ್ಕೋಸ್ಕರ ಬಂದ ಗಡಿಯಾರವೇ ಮುಂದೆ ಮಿಂಚಿನ ಆಟಕ್ಕೆ ತಾಯಿಯಾಯಿತು.

ಗೆದ್ದ ಆಟವನ್ನು ಹೊತ್ತಿಲ್ಲದೆ ಸೋಲುವ ದುಃಖಕ್ಕೆ ಒಂದು ಪರಿಹಾರವನ್ನು ಅಮೇರಿಕದ ಬಾಬಿ ಫಿಷರ್ ಕಂಡುಹಿಡಿದರು. ಪ್ರತಿಯೊಂದು ನಡೆಗೂ ಗಡಿಯಾರವೇ ಕೆಲವು ಸೆಕೆಂಡುಗಳನ್ನು ಹಿಂದಿರುಗಿಸಬೇಕೆಂಬದು ಅವರ ಯುಕ್ತಿ. 1989ರಲ್ಲಿ ಅವರು ಇದಕ್ಕೆ ಹಕ್ಕುಪತ್ರವನ್ನು ಪಡೆದು, 1992ರಲ್ಲಿ ಸ್ಪಾಸ್ಕಿಯವರ ಸಂಗಡ ಆಡಿದಾಗ ಅಂಥ ಗಡಿಯಾರವನ್ನೇ ಉಪಯೋಗಿಸಿದರು. ಈಗ ಮಿಂಚಿನ ಆಟದ ಲೋಕ ಪಂದ್ಯಾವಳಿಯಲ್ಲಿ 3 ನಿಮಿಷ ಕೊಟ್ಟು ನಡೆಯೊಂದಕ್ಕೆ 2 ಸೆಕೆಂಡು ಕೂಡಿಸುತ್ತಾರೆ. ಅರವತ್ತು ನಡೆಗಳಿಗೆ ಇದೂ ಐದು ನಿಮಿಷವೇ ಆಗುತ್ತದೆ. ಆದರೆ ರಾಣಿಯುಳ್ಳವಳು ಕಡೆಯಲ್ಲಿ ಎರಡೆರಡು ಸೆಕೆಂಡುಗಳಲ್ಲಿ ಉಸಿರಾಡಿಕೊಂಡು ಮಾತ್ ಕೊಡಬಹುದು. ಇಂಥ ಗಡಿಯಾರಗಳನ್ನು ತರಿಸಬೇಕೆಂದು ಪಂದ್ಯಾವಳಿಗಳನ್ನು ನಡೆಸುವವರನ್ನು ತಾಯಿತಂದೆಗಳು ಕೇಳಿಕೊಳ್ಳುವದು ಯುಕ್ತವೇ. ಮಕ್ಕಳ ಆಟಕ್ಕೆ ಅವೇ ಒಳ್ಳೆಯವೆಂದು ನಮ್ಮ ಅಭಿಪ್ರಾಯ.

ಈ ಅವಸರದಿಂದ ಬುದ್ಧಿ ಕೆಡುವದಿಲ್ಲವೇ ಎಂಬ ಪ್ರಶ್ನೆಯೂ ನಮಗೆ ಬಂದದ್ದುಂಟು. ದೊಡ್ಡವರೇ ಈ ವಿಷಯದಲ್ಲಿ ಒಮ್ಮತದವರಲ್ಲ. ಲೋಕವೀರರಾಗಿದ್ದ ರಷ್ಯದ ಬೊಟ್ವಿನ್ನಿಕ್ ಅವರಿಗೆ ಮಿಂಚಿನ ಆಟ ಸೇರುತ್ತಿರಲಿಲ್ಲ. ತಾಲ್ ಅವರಿಗೋ ಅದು ಪ್ರಾಣ. ಫಿಷರ್ 1970ರಲ್ಲಿ ಯುಗೊಸ್ಲಾವಿಯದ ಹೆರ್ಸೆಗ್ ನೋವಿಯಲ್ಲಿ 22 ಮಿಂಚಿನ ಆಟಗಳಲ್ಲಿ 19 ಅಂಕಗಳನ್ನು ಗಳಿಸಿ ತಾಲ್ ಮೊದಲಾದ ಮಹಾಮಹಾ ಆಟಗಾರರನ್ನೆಲ್ಲಾ ಬಹು ದೂರ ಹಿಂದೆ ಹಾಕಿದರು. ಆದರೆ ಅದೇ ಫಿಷರ್ ಪುಸ್ತಕಗಳ ಮುಂದೆ ಗಂಟೆಗಟ್ಟಲೆ ಒಬ್ಬರೇ ಕುಳಿತು ಕಲಿತವರು. ನಿಧಾನವಾಗಿ ಕಲಿಯುವ ಮಗುವಿಗೆ ಮಿಂಚಿನ ಆಟವು ಕಲಿತದ್ದರ ಪರೀಕ್ಷೆ. ನಿಧಾನವಾಗಿ ಏನನ್ನೂ ಕಲಿಯದೆ ರಾತ್ರಿಯೆಲ್ಲಾ ಕೈಫೋನಿನ ಮೇಲೆ ಒಂದಾದ ಮೇಲೊಂದು ಇಂಥ ಆಟವನ್ನೇ ಆಡುವ ಮಗುವಿಗೆ ಅದು ಕಡಲೆಕಾಯಿಯ ಚಟಕ್ಕಿಂತ ಹೆಚ್ಚಿನದಲ್ಲ. ಒಂದು ಆಟ ಸೋತ ಮಗುವು ಆ ಸೋಲಿನ ಕಾರಣವನ್ನು ಹೇಳಬಲ್ಲದೋ ಇಲ್ಲವೋ ಎಂದು ತಾಯಿತಂದೆಗಳು ಕೇಳಿ ನೋಡಲಿ. ಎಂಥ ಆಟ ಆಡುತ್ತಿದೆಯೆಂದು ಅದರಿಂದ ತಿಳಿಯುವದು.

ಹುಡುಗಿಯರಿಗೆ ಈ ಗಡಿಬಿಡಿ ಹೊಂದದೆಂದು ಹೇಳುವವರಿಗೆ ಮೂರು ಸಂಗತಿಗಳನ್ನು ತಿಳಿಸಿದರೆ ಸಾಕು. 2021ರ ಡಿಸೆಂಬರಿನಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ಕಜಕಸ್ತಾನದ ಬಿಬಿಸಾರಾ ಅಸೌಬಾಯೆವಾ ಎಂಬ 17 ವರ್ಷದ ಬಾಲಿಕೆ 17 ಸುತ್ತುಗಳಲ್ಲಿ 14 ಅಂಕಗಳನ್ನು ಪಡೆದು ಸ್ತ್ರೀಯರ ಮಿಂಚಿನ ಆಟದ ಲೋಕಪ್ರಶಸ್ತಿಯನ್ನು ಗೆದ್ದಳು. ಮರುವರ್ಷ ಅಲ್ಮಾಟಿಯಲ್ಲಿ ಪುನಃ ಗೆದ್ದಳು. ಅಲ್ಲಿ ಅರ್ಧ ಅಂಕದಷ್ಟೇ ಹಿಂದೆ ನಿಂತು ಎರಡನೆಯ ಸ್ಥಾನ ಪಡೆದವರು ನಮ್ಮ ದೇಶದ ಆಂಧ್ರದ ಕೊನೇರು ಹಂಪಿ. ಇನ್ನು 2023ರ ಡಿಸೆಂಬರಿನಲ್ಲಿ ಕ್ರೊಯೇಷಿಯದ ಝಾಗ್ರೆಬಿನಲ್ಲಿ ಯುರೋಪಿನ ಮಿಂಚಿನ ಆಟದ ಪಂದ್ಯಾವಳಿ ನಡೆಯಿತು. ಅದರಲ್ಲಿ ದೊಡ್ಡವರೂ ಚಿಕ್ಕವರೂ ಗಂಡಸರೂ ಹೆಂಗಸರೂ ಕೂಡಿಯೇ ಆಡಿದರು. ಸ್ತ್ರೀಯರಲ್ಲಿ ಮೊದಲನೆಯ ಬಹುಮಾನವನ್ನು ಪಡೆದವಳು ಇಂಗ್ಲೆಂಡಿನ ಬೋಧನಾ ಶಿವಾನಂದನ್, ತಮಿಳು ಮನೆತನದ ಎಂಟು ವರ್ಷದ ಮಗು. ಹದಿಮೂರು ಸುತ್ತುಗಳಲ್ಲಿ ಎಂಟೂವರೆ ಅಂಕ; ಕಡೆಯ ಸುತ್ತಿನಲ್ಲಿ ನೆವೆಡ್ನಿಚಿ ಎಂಬ ರುಮೇನಿಯದ ಗ್ರಾಂಡ್‌ಮಾಸ್ಟರರ ಸಂಗಡ ಸಮ. ಆ ಮಗುವಿಗೆ ಆಗ ಚದುರಂಗದ ಪರಿಚಯವಾಗಿ ಕೆಲವೇ ವರ್ಷಗಳು ಕಳೆದಿದ್ದವು.

ಕಲ್ಯಾಣಮಂಟಪದ ಆ ಎರಡು ಹುಡುಗಿಯರ ವಿಷಯವನ್ನು ಮುಗಿಸಬೇಕು. ತಾಯಿಯವರೂ ನಾವೂ ಹೀಗೆ ನ್ಯಾಯ ಅನ್ಯಾಯವೆಂದು ಮಾತಾಡುತ್ತಿದ್ದಾಗ ಅವರಿಬ್ಬರೂ ಕೈ ಕುಲುಕಿ, ಫಲಿತಾಂಶದ ಚೀಟಿಗೆ ರುಜು ಹಾಕಿ, ಅದನ್ನು ತೀರ್ಪುಗಾರರ ಮೇಜಿಗೆ ಕೊಟ್ಟು ಬಂದರು. ಕನ್ನಡಕದವಳ ಕಣ್ಣು ಕೆಂಪಾಗಿತ್ತು. ಅವಳೇ ಮೊದಲು ಕಾಯಿಗಳನ್ನು ಪುನಃ ಜೋಡಿಸಿದಳು, ಆಟದ ಮೊದಲ ನಾಲ್ಕು ನಡೆಗಳನ್ನು ನಡೆಸಿ, “ಇಲ್ಲಿ ನಾನು ನಿನ್ನ ರಾಣಿಯನ್ನು ಹೊಡೆದಿದ್ದರೆ?” ಎಂದು ಕೇಳಿದಳು. ಎರಡು ಜಡೆಯವಳು ಒಂಟೆಯಿಂದಲೂ ಕುದುರೆಯಿಂದಲೂ ಮಾತ್ ಮಾಡಿ ತೋರಿಸಿದಳು. “ನಿನ್ನ ಕುದುರೆ ಬಂದದ್ದನ್ನು ನಾನು ನೋಡಲೇ ಇಲ್ಲ ಕಣೇ” ಎಂದು ತಲೆ ಚಚ್ಚಿಕೊಂಡಳು. ಇಬ್ಬರೂ ನಕ್ಕರು. ಆಮೇಲೆ ಕಡೆಯ ಸ್ಥಿತಿಯನ್ನು ಇಟ್ಟು, ಕಾಲಾಳನ್ನು ಯಾವ ನಡೆಯಲ್ಲಿ ಹೊಡೆಯಬಹುದಾಗಿತ್ತೆಂದು ತಲೆಗೆ ತಲೆ ತಾಗಿಸಿ ನೋಡತೊಡಗಿದರು.

“ಅಮ್ಮಾ, ಇನ್ನೊಂದು ಸುತ್ತು ಇದೆ” ಎಂದು ಮಗಳು ಹಗ್ಗದ ಆಚೆಯಿಂದ ಕೂಗಿದಳು. ಅಷ್ಟರಲ್ಲಿ ಯಾರೋ ಮುಂದಿನ ಜೋಡಿಗಳ ಪಟ್ಟಿಯನ್ನು ತಂದು ಗೋಡೆಗೆ ಅಂಟಿಸಿದರು. ತಾಯಿಯವರು ಸೆರಗಿನಿಂದ ಕಣ್ಣೊರಸಿಕೊಂಡು, ಮಗಳ ಹೆಸರು ಎಷ್ಟನೆಯ ಹಲಗೆಯಲ್ಲಿ ಬಂದಿದೆಯೆಂದು ನೋಡುವದಕ್ಕೆ ಗುಂಪಿನೊಳಗೆ ಹೋದರು.